ಗಣಕ ಪರದೆಯ ದೃಶ್ಯಮುದ್ರಣ ಮತ್ತು ಸಂಕಲನ: ಒಂದು ಚಾರಿತ್ರಿಕ ಅವಲೋಕನ

ಗಣಕಯಂತ್ರದ ಚರಿತ್ರೆಯನ್ನು ಬರೆದವರು ಯಂತ್ರಗಳ ರಚನೆ, ಕ್ರಮವಿಧಿ ಭಾಷೆಗಳು, ಅವುಗಳನ್ನು ರೂಪಿಸಿದ ವ್ಯಕ್ತಿಗಳು ಹಾಗೂ ಸಂಸ್ಥೆಗಳ ಬಗೆಗೆ ಸಾಕಷ್ಟು ಸಾಮಗ್ರಿಯನ್ನು ಕಲೆಹಾಕಿದ್ದಾರೆ. ಆದರೆ ಆ ಯಂತ್ರದ ಮುಂದೆ ಕುಳಿತ ಮನುಷ್ಯ ಪರದೆಯ ಮೇಲೆ ಏನನ್ನು ಕಂಡ, ಏನು ಮಾಡಿದ, ಎಲ್ಲಿ ತಡವರಿಸಿದ ಎಂಬುದಕ್ಕೆ ದಾಖಲೆಗಳು ವಿರಳ. ತಂತ್ರಾಂಶದ ಪ್ರತಿ ಉಳಿದಿರಬಹುದು, ಅದರ ಕೈಪಿಡಿ ಗ್ರಂಥಾಲಯದಲ್ಲಿ ಸಿಗಬಹುದು. ಬಳಕೆಯೆಂಬ ಕ್ರಿಯೆ ಮಾತ್ರ ನಡೆದ ಕ್ಷಣದಲ್ಲೇ ಅಳಿದುಹೋಗುತ್ತದೆ. ಈ ಕ್ರಿಯೆಯನ್ನು ಹಿಡಿದಿಡುವ ಒಂದೇ ನೇರ ಸಾಧನವೆಂದರೆ ಪರದೆಯ ದೃಶ್ಯಮುದ್ರಣ. ಆ ಮುದ್ರಣವೂ ಬಹುಮಟ್ಟಿಗೆ ದಾಖಲೆಗಾಗಿ ನಡೆದದ್ದಲ್ಲ, ಸಂಕಲನದ ಮೇಜಿನ ಮೇಲೆ ಕತ್ತರಿಸಿ ಜೋಡಿಸಿ ಇನ್ನೊಬ್ಬರಿಗೆ ತೋರಿಸುವುದಕ್ಕಾಗಿ ನಡೆದದ್ದು. ಹೀಗಾಗಿ ಈ ತಂತ್ರದ ಚರಿತ್ರೆಯಲ್ಲಿ ಮುದ್ರಣ ಮತ್ತು ಸಂಕಲನಗಳನ್ನು ಬೇರ್ಪಡಿಸಿ ನೋಡುವುದು ಸಾಧ್ಯವಿಲ್ಲ.

ಪರದೆಯನ್ನು ಮುದ್ರಿಸುವ ಸಮಸ್ಯೆ ಗಣಕಕ್ಕಿಂತ ಮೊದಲು ದೂರದರ್ಶನದಲ್ಲಿ ಎದುರಾಯಿತು. ವೀಡಿಯೊ ಟೇಪು ಇನ್ನೂ ಬಾರದಿದ್ದ ದಿನಗಳಲ್ಲಿ ಅಮೆರಿಕದ ಪ್ರಸಾರ ಸಂಸ್ಥೆಗಳು ಕಾರ್ಯಕ್ರಮಗಳನ್ನು ಉಳಿಸಿಕೊಳ್ಳಲು ದೂರದರ್ಶನದ ಪರದೆಯ ಮುಂದೆ ಚಲನಚಿತ್ರ ಕ್ಯಾಮೆರಾ ಇಟ್ಟು ಚಿತ್ರೀಕರಿಸುತ್ತಿದ್ದವು. ಕಿನೆಸ್ಕೋಪ್ ಎಂದು ಹೆಸರಾದ ಈ ವಿಧಾನ 1947ರಲ್ಲಿ ಕೊಡ್ಯಾಕ್ ಸಂಸ್ಥೆಯ ವಿಶೇಷ ಕ್ಯಾಮೆರಾದೊಂದಿಗೆ ರೂಢಿಗೆ ಬಂತು. ಅಲ್ಲಿನ ದೂರದರ್ಶನ ಸೆಕೆಂಡಿಗೆ 30 ಚಿತ್ರಗಳನ್ನು ತೋರಿಸಿದರೆ ಚಲನಚಿತ್ರ ಕ್ಯಾಮೆರಾ ಹಿಡಿಯುವುದು 24ನ್ನು. ಇವೆರಡನ್ನು ಹೊಂದಿಸಲು ಕ್ಯಾಮೆರಾದ ಕವಾಟ ಸೆಕೆಂಡಿನ 1/30 ಭಾಗ ತೆರೆದಿದ್ದು, ಉಳಿದ 1/120 ಭಾಗದಲ್ಲಿ ಫಿಲ್ಮನ್ನು ಮುಂದಕ್ಕೆ ಎಳೆದುಕೊಳ್ಳಬೇಕಾಗಿತ್ತು. ಲೆಕ್ಕ ಸ್ವಲ್ಪ ತಪ್ಪಿದರೂ ಚಿತ್ರದ ನಡುವೆ ಕಪ್ಪು ಪಟ್ಟಿಯೊಂದು ಕಾಣಿಸಿಕೊಳ್ಳುತ್ತಿತ್ತು. ಪರದೆಗೆ ತನ್ನದೇ ಆದ ಕಾಲಗತಿಯಿದೆ, ಮುದ್ರಿಸುವ ಯಂತ್ರಕ್ಕೆ ಇನ್ನೊಂದು ಕಾಲಗತಿಯಿದೆ. ಇವುಗಳ ಹೊಂದಾಣಿಕೆಯೇ ಈ ಕಲೆಯ ಮೂಲ ಕಷ್ಟ. ಅರವತ್ತು ವರ್ಷಗಳ ನಂತರದ ತಂತ್ರಾಂಶಗಳಲ್ಲೂ ಇದೇ ಕಷ್ಟ ಬೇರೆ ವೇಷದಲ್ಲಿ ಮರಳಿ ಬಂದುದನ್ನು ಮುಂದೆ ಕಾಣಬಹುದು.

ಗಣಕ ಪರದೆಯ ಮೊದಲ ಮಹತ್ವದ ಚಿತ್ರೀಕರಣಗಳು 1960ರ ದಶಕಕ್ಕೆ ಸೇರುತ್ತವೆ. ಎಂ.ಐ.ಟಿ.ಯ ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಯಂತ್ರದ ಮೇಲೆ ಐವನ್ ಸದರ್‌ಲ್ಯಾಂಡ್ 1963ರಲ್ಲಿ ರೂಪಿಸಿದ ಸ್ಕೆಚ್‌ಪ್ಯಾಡ್, ಬೆಳಕಿನ ಲೇಖನಿಯಿಂದ ಪರದೆಯ ಮೇಲೆಯೇ ರೇಖಾಚಿತ್ರ ಬರೆಯುವ ವ್ಯವಸ್ಥೆ. ಆ ಯಂತ್ರ ಇಂದು ಇಲ್ಲ. ಗೆರೆಯೊಂದು ಲೇಖನಿಯ ತುದಿಗೆ ಅಂಟಿಕೊಂಡು ಹಿಗ್ಗುತ್ತಿದ್ದ ಬಗೆ ಇಂದಿನವರಿಗೆ ತಿಳಿದಿರುವುದು ಆಗ ತೆಗೆದ ಚಲನಚಿತ್ರದಿಂದ. ಪ್ರಬಂಧವನ್ನು ಓದಿ ವ್ಯವಸ್ಥೆಯ ತತ್ತ್ವವನ್ನು ಗ್ರಹಿಸಬಹುದು, ಅದರ ನಡೆಯನ್ನು ಗ್ರಹಿಸಲಾಗದು.

ಇದಕ್ಕಿಂತ ಹೆಚ್ಚು ಗಮನ ಬೇಡುವುದು 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ನಡೆಸಿದ ತೊಂಬತ್ತು ನಿಮಿಷಗಳ ಪ್ರಾತ್ಯಕ್ಷಿಕೆ. ಮೌಸ್, ಕಿಟಕಿಗಳಾಗಿ ವಿಭಾಗಗೊಂಡ ಪರದೆ, ಪಠ್ಯದಿಂದ ಪಠ್ಯಕ್ಕೆ ಜಿಗಿಯುವ ಕೊಂಡಿ ಮೊದಲಾದವು ಸಾರ್ವಜನಿಕವಾಗಿ ಒಟ್ಟಿಗೆ ಕಾಣಿಸಿಕೊಂಡ ಸಂದರ್ಭವೆಂದು ಇದು ಪ್ರಸಿದ್ಧವಾಗಿದೆ. ಪ್ರಸ್ತುತ ವಿಷಯಕ್ಕೆ ಮುಖ್ಯವಾದದ್ದು ಅದರ ಇನ್ನೊಂದು ಮುಖ. ಗಣಕ ಇದ್ದದ್ದು ಸಭಾಂಗಣದಲ್ಲಲ್ಲ, ಸುಮಾರು 48 ಕಿಲೋಮೀಟರ್ ದೂರದ ಮೆನ್ಲೊ ಪಾರ್ಕ್‌ನಲ್ಲಿ. ಅಲ್ಲಿನ ವ್ಯವಸ್ಥೆಯಲ್ಲಿ ಗಣಕ ಬರೆಯುತ್ತಿದ್ದುದು ಐದು ಅಂಗುಲದ ಪುಟ್ಟ ಕ್ಯಾಥೋಡ್ ಕೊಳವೆಯ ಮೇಲೆ. ಪ್ರತಿ ಕೊಳವೆಯ ಎದುರು 875 ಗೆರೆಗಳ ದೂರದರ್ಶನ ಕ್ಯಾಮೆರಾ ಒಂದನ್ನು ನಿಲ್ಲಿಸಲಾಗಿತ್ತು. ಆ ಕ್ಯಾಮೆರಾ ಕಂಡ ಚಿತ್ರವೇ ಬಳಕೆದಾರನ ಮೇಜಿಗೆ ತಲುಪುತ್ತಿತ್ತು. ಖರ್ಚು ಉಳಿಸಲು ಕಂಡುಕೊಂಡ ಈ ಉಪಾಯದಿಂದ ಅನಿರೀಕ್ಷಿತ ಲಾಭಗಳೂ ಒದಗಿದವು. ಕ್ಯಾಮೆರಾ ಕೊಳವೆಯ ಜಡತ್ವದಿಂದಾಗಿ ಚಿತ್ರದ ಮಿನುಗು ತಗ್ಗಿತು. ಸಂಕೇತವನ್ನು ತಿರುಗುಮುರುಗು ಮಾಡಿ ಬಿಳಿಯ ಮೇಲೆ ಕಪ್ಪು ಅಕ್ಷರಗಳನ್ನು ತೋರಿಸಲು ಸಾಧ್ಯವಾಯಿತು. ಎಲ್ಲಕ್ಕಿಂತ ಮಿಗಿಲಾಗಿ ಗಣಕದ ಚಿತ್ರದೊಂದಿಗೆ ಬೇರೆ ಕ್ಯಾಮೆರಾದ ಚಿತ್ರವನ್ನು ಬೆರೆಸುವುದು ಸುಲಭವಾಯಿತು. ಎಂಗಲ್‌ಬಾರ್ಟರ ಮುಖ ಪರದೆಯ ಒಂದು ಭಾಗದಲ್ಲಿ, ಅವರು ತಿದ್ದುತ್ತಿದ್ದ ಪಠ್ಯ ಇನ್ನೊಂದು ಭಾಗದಲ್ಲಿ ಕಂಡದ್ದು ಹೀಗೆ. ಸಭಾಂಗಣದ ಹಿಂಬದಿಯಲ್ಲಿ ಕುಳಿತ ಬಿಲ್ ಇಂಗ್ಲಿಷ್ ಯಾವ ಕ್ಷಣದಲ್ಲಿ ಯಾವ ಚಿತ್ರ ದೊಡ್ಡ ಪರದೆಗೆ ಹೋಗಬೇಕೆಂಬುದನ್ನು ನಿರ್ದೇಶಿಸುತ್ತಿದ್ದರು. ಮೆನ್ಲೊ ಪಾರ್ಕ್‌ನ ಕ್ಯಾಮೆರಾವೊಂದನ್ನು ನಡೆಸುತ್ತಿದ್ದವರು ಸ್ಟೂವರ್ಟ್ ಬ್ರಾಂಡ್. ಚಿತ್ರ ಮೈಕ್ರೊವೇವ್ ಮಾರ್ಗದಲ್ಲಿ ಬಂದರೆ, ಕೀಲಿಮಣೆ ಮತ್ತು ಮೌಸ್‌ಗಳ ಸಂಕೇತ 1200 ಬಾಡ್ ವೇಗದ ದೂರವಾಣಿ ಮಾರ್ಗದಲ್ಲಿ ಹೋಯಿತು.

ಆ ದಿನದ ಘಟನೆ ಫಿಲ್ಮಿನ ಸುರುಳಿಗಳಲ್ಲಿ ಉಳಿದು ಬಂದಿದೆ. ಅದನ್ನು ನೋಡುವವರು ಗಣಕ ಪರದೆಯ ಯಥಾವತ್ ದಾಖಲೆಯನ್ನು ನೋಡುತ್ತಿಲ್ಲ, ನಡೆಯುತ್ತಿರುವಾಗಲೇ ಸಂಕಲನಗೊಂಡ ಒಂದು ಪಠ್ಯವನ್ನು ನೋಡುತ್ತಿದ್ದಾರೆ. ಚರಿತ್ರಕಾರರು ಈ ಸುರುಳಿಯನ್ನು ಮೌಸ್‌ನ ಜನ್ಮಪತ್ರಿಕೆಯೆಂಬಂತೆ ಉಲ್ಲೇಖಿಸುವುದುಂಟು. ಅದು ದೃಶ್ಯ ಸಂಕಲನದ ಚರಿತ್ರೆಗೂ ಅಷ್ಟೇ ಸಲ್ಲಬೇಕಾದ ಆಕರ.

ಮುಂದಿನ ಎರಡು ದಶಕಗಳ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಮನೆಯ ದೂರದರ್ಶನಕ್ಕೇ ಜೋಡಿಸುವಂತೆ ತಯಾರಾದ ಸಣ್ಣ ಗಣಕಗಳ ಸಂಕೇತ ದೂರದರ್ಶನದ ಸಂಕೇತವೇ ಆಗಿದ್ದುದರಿಂದ ಅವುಗಳನ್ನು ಟೇಪಿಗೆ ಇಳಿಸುವುದು ಕಷ್ಟವಾಗಿರಲಿಲ್ಲ. 1982ರ ಜನವರಿಯಲ್ಲಿ ಬಿ.ಬಿ.ಸಿ. ಪ್ರಸಾರ ಮಾಡಿದ ಗಣಕ ಶಿಕ್ಷಣ ಸರಣಿಯೊಂದಿಗೆ ಹೊರಬಂದ ಬಿ.ಬಿ.ಸಿ. ಮೈಕ್ರೊ ಅಂಥದೊಂದು ಯಂತ್ರ. ಭಾರತದ ಶಾಲೆಗಳಲ್ಲಿ 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಲ್ಲಿ ಬಳಕೆಯಾದದ್ದೂ ಇದೇ. 1985ರ ಅಮಿಗಾ ಯಂತ್ರ ಹೊರಗಿನ ವೀಡಿಯೊ ಸಂಕೇತದೊಂದಿಗೆ ಹೆಜ್ಜೆಹಾಕಬಲ್ಲದಾಗಿತ್ತು. 1990ರಲ್ಲಿ ಬಂದ ವೀಡಿಯೊ ಟೋಸ್ಟರ್ ಅದನ್ನು ಸಣ್ಣ ಸ್ಟುಡಿಯೊಗಳ ಸಂಕಲನ ಯಂತ್ರವನ್ನಾಗಿಸಿತು. ಕಚೇರಿಯ ಗಣಕಗಳ ದಾರಿ ಬೇರೆಯಾಯಿತು. 1987ರ ವಿಜಿಎ ವ್ಯವಸ್ಥೆ ಸೆಕೆಂಡಿಗೆ ಸುಮಾರು 31,500 ಗೆರೆಗಳನ್ನು ಎಳೆಯುತ್ತಿದ್ದರೆ ಭಾರತದಲ್ಲಿ ರೂಢಿಯಲ್ಲಿದ್ದ ಪಾಲ್ ದೂರದರ್ಶನ ಪದ್ಧತಿಯ ಪ್ರಮಾಣ 15,625 ಗೆರೆಗಳು. ಪರಿವರ್ತಕ ಯಂತ್ರವಿಲ್ಲದೆ ಇದನ್ನು ಟೇಪಿಗೆ ಇಳಿಸಲಾಗುತ್ತಿರಲಿಲ್ಲ. ಇಳಿಸಿದರೂ ಒಂದೇ ಬಿಂದುವಿನಷ್ಟು ತೆಳುವಾದ ಅಡ್ಡಗೆರೆಗಳು ನಡುಗುತ್ತಿದ್ದವು. ಪರಿವರ್ತಕವಿಲ್ಲದವರು ಪರದೆಗೆ ಕ್ಯಾಮೆರಾ ಹಿಡಿದು ಉರುಳುವ ಪಟ್ಟಿಗಳನ್ನು ಸಹಿಸಿಕೊಂಡರು.

1990ರ ದಶಕದಲ್ಲಿ ಗಣಕವೇ ತನ್ನ ಪರದೆಯನ್ನು ಮುದ್ರಿಸಿಕೊಳ್ಳಲು ಕಲಿತಾಗ ಎರಡು ಭಿನ್ನ ಮಾರ್ಗಗಳು ತೆರೆದುಕೊಂಡವು. ಒಂದು, ಪರದೆಯ ಮೇಲಿನ ಚಿತ್ರಬಿಂದುಗಳನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಉಳಿಸುವುದು. ಇನ್ನೊಂದು, ಆ ಚಿತ್ರ ಉಂಟಾಗಲು ಕಾರಣವಾದ ಕ್ರಿಯೆಗಳನ್ನು ಮಾತ್ರ ಉಳಿಸಿ, ಬೇಕಾದಾಗ ತಂತ್ರಾಂಶದಿಂದಲೇ ಚಿತ್ರವನ್ನು ಮತ್ತೆ ಬರೆಯಿಸುವುದು. ಇವುಗಳ ವ್ಯತ್ಯಾಸ ಸಣ್ಣದಲ್ಲ. 1993ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಡೂಮ್ ಆಟದ ‘ಡೆಮೊ’ ಕಡತಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆ ಆಟದ ಗಡಿಯಾರ ಸೆಕೆಂಡಿಗೆ 35 ಬಾರಿ ಬಡಿಯುತ್ತದೆ. ಪ್ರತಿ ಬಡಿತಕ್ಕೆ ಆಟಗಾರನ ಚಲನೆಯನ್ನು 4 ಬೈಟುಗಳಲ್ಲಿ ಬರೆದಿಡಲಾಗುತ್ತದೆ. ಒಂದು ನಿಮಿಷದ ಆಟಕ್ಕೆ 8,400 ಬೈಟುಗಳು. ಅದೇ ನಿಮಿಷವನ್ನು 320×200 ಬಿಂದುಗಳ ಚಿತ್ರಗಳಾಗಿ, ಬಿಂದುವಿಗೆ ಒಂದು ಬೈಟಿನಂತೆ, ಸಂಕೋಚನವಿಲ್ಲದೆ ಉಳಿಸಿದರೆ 13 ಕೋಟಿ 44 ಲಕ್ಷ ಬೈಟುಗಳಾಗುತ್ತವೆ. ಅಂದರೆ 16,000 ಪಟ್ಟು. ಆದರೆ ಕ್ರಿಯಾಮುದ್ರಣದ ಈ ಮಿತವ್ಯಯಕ್ಕೆ ಬೆಲೆಯಿದೆ. ಡೂಮ್‌ನ ಬೇರೆ ಆವೃತ್ತಿಯಲ್ಲಿ ಕಡತವನ್ನು ನಡೆಸಿದರೆ ಕೆಲವೇ ಕ್ಷಣಗಳಲ್ಲಿ ಲೆಕ್ಕ ತಪ್ಪಿ, ಆಟಗಾರ ಗೋಡೆಗೆ ಮುಖವೊಡ್ಡಿ ಶೂನ್ಯಕ್ಕೆ ಗುಂಡು ಹಾರಿಸುತ್ತಾ ನಿಲ್ಲುತ್ತಾನೆ. ಸ್ವರಲಿಪಿ ಇದ್ದರೂ ಅದನ್ನು ನುಡಿಸುವ ವಾದ್ಯವೇ ಬದಲಾದಂತಹ ಸ್ಥಿತಿ ಇದು.

1996ರಲ್ಲಿ ಬಂದ ಕ್ವೇಕ್ ಆಟ ಈ ಮಾರ್ಗವನ್ನು ಸಂಕಲನದತ್ತ ತಿರುಗಿಸಿತು. ಅದರ ಮುದ್ರಣ ಕಡತದಲ್ಲಿ ಪಾತ್ರಗಳ ಸ್ಥಾನ ಮತ್ತು ಚಲನೆಯ ವಿವರಗಳು ಅಡಕವಾಗಿದ್ದುದರಿಂದ, ಆಟ ಮುಗಿದ ಮೇಲೆ ನೋಟದ ಕೋನವನ್ನೇ ಬದಲಿಸುವುದು ಸಾಧ್ಯವಿತ್ತು. ಅದೇ ವರ್ಷ ‘ರೇಂಜರ್ಸ್’ ಎಂಬ ಆಟಗಾರರ ತಂಡ ‘ಡೈರಿ ಆಫ್ ಎ ಕ್ಯಾಂಪರ್’ ಎಂಬ ಕಿರುಚಿತ್ರವನ್ನು ಹೀಗೆ ತಯಾರಿಸಿತು. ಚಿತ್ರೀಕರಣದ ನಂತರ ಕ್ಯಾಮೆರಾವನ್ನು ಇನ್ನೊಂದೆಡೆ ಇಡುವ ಅವಕಾಶ ಯಾವ ಸಿನಿಮಾ ಸಂಕಲನಕಾರನಿಗೂ ದೊರೆತಿರಲಿಲ್ಲ. ಆದರೂ ಈ ಮಾರ್ಗ ಬಹುಕಾಲ ಮುಂದುವರಿಯಲಿಲ್ಲ. ನೋಡುಗನ ಬಳಿಯೂ ಆ ಆಟ ಇರಲೇಬೇಕೆಂಬ ಷರತ್ತು ತೊಡಕಾಯಿತು. 2000ದಲ್ಲಿ ‘ಕ್ವಾಡ್ ಗಾಡ್’ ಎಂಬ ಚಿತ್ರ ಸಾಮಾನ್ಯ ವೀಡಿಯೊ ಕಡತವಾಗಿಯೇ ಹಂಚಿಕೆಯಾಯಿತು. 2003ರಲ್ಲಿ ಆರಂಭವಾದ ‘ರೆಡ್ ವರ್ಸಸ್ ಬ್ಲೂ’ ಸರಣಿಯ ಹೊತ್ತಿಗೆ ಪರದೆಯ ಚಿತ್ರವನ್ನು ಮುದ್ರಿಸಿ, ಸಂಕಲನ ತಂತ್ರಾಂಶದಲ್ಲಿ ಕತ್ತರಿಸಿ, ಧ್ವನಿ ಸೇರಿಸುವ ಕ್ರಮವೇ ನೆಲೆನಿಂತಿತ್ತು. ಬಿಂದುಮುದ್ರಣ ಗೆದ್ದಿತು. ಗೆಲುವಿನ ಕಾರಣ ಗುಣಮಟ್ಟವಲ್ಲ, ಎಲ್ಲರ ಯಂತ್ರದಲ್ಲೂ ಅದು ತೆರೆದುಕೊಳ್ಳುತ್ತದೆಂಬ ಸರಳ ಸಂಗತಿ.

ಕಚೇರಿ ಮತ್ತು ಶಿಕ್ಷಣದ ಬಳಕೆಗೆ ತಯಾರಾದ ತಂತ್ರಾಂಶಗಳ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗಿತು. 1990ರ ದಶಕದ ಮೊದಲರ್ಧದಲ್ಲಿ ಬಂದ ಲೋಟಸ್ ಸ್ಕ್ರೀನ್‌ಕ್ಯಾಮ್ ಎಷ್ಟು ಪ್ರಚಲಿತವಾಯಿತೆಂದರೆ ಅದರ ಹೆಸರೇ ಇಂತಹ ಮುದ್ರಣಕ್ಕೆ ಸಾಮಾನ್ಯನಾಮವಾಗುವ ಹಂತ ತಲುಪಿತ್ತು. 1997ರಲ್ಲಿ ಮೈಕ್ರೊಸಾಫ್ಟ್ ತನ್ನ ಆಫೀಸ್ ತಂತ್ರಾಂಶದ ಜೊತೆ ಕ್ಯಾಮ್‌ಕಾರ್ಡರ್ ಎಂಬ ಉಪಕರಣವನ್ನು ನೀಡಿತು. ಇವುಗಳ ಕಡತಗಳು ದೊಡ್ಡವು, ಸಂಕಲನದ ಸೌಲಭ್ಯ ಅತ್ಯಲ್ಪ. ತಪ್ಪಾದರೆ ಮೊದಲಿನಿಂದ ಮುದ್ರಿಸಬೇಕಾಗಿತ್ತು. 1024×768 ಬಿಂದುಗಳ ಬಣ್ಣದ ಪರದೆಯೊಂದರ ಸಂಕೋಚಿಸದ ಚೌಕಟ್ಟು 23 ಲಕ್ಷ ಬೈಟುಗಳಿಗಿಂತ ದೊಡ್ಡದು. ಸೆಕೆಂಡಿಗೆ 15 ಚೌಕಟ್ಟುಗಳಂತೆ ಒಂದು ನಿಮಿಷಕ್ಕೆ 200 ಕೋಟಿ ಬೈಟುಗಳನ್ನು ಮೀರುತ್ತದೆ. ಸಂಕೋಚನವಿಲ್ಲದೆ ಗತ್ಯಂತರವಿರಲಿಲ್ಲ.

ಇಲ್ಲಿ ಪರದೆಯ ಚಿತ್ರಕ್ಕೂ ಕ್ಯಾಮೆರಾ ಹಿಡಿಯುವ ಚಿತ್ರಕ್ಕೂ ಇರುವ ಸ್ವಭಾವಭೇದ ಮುಖ್ಯವಾಗುತ್ತದೆ. ಮುಖ, ಮರ, ಆಕಾಶಗಳ ಚಿತ್ರದಲ್ಲಿ ಬಣ್ಣಗಳು ಒಂದರೊಳಗೊಂದು ಕರಗುತ್ತವೆ. ಸೂಕ್ಷ್ಮ ವಿವರಗಳನ್ನು ಅಳಿಸಿದರೂ ಕಣ್ಣು ಕ್ಷಮಿಸುತ್ತದೆ. ಪರದೆಯಲ್ಲಿ ವಿಶಾಲವಾದ ಒಂದೇ ಬಣ್ಣದ ಬಯಲುಗಳೂ, ಅವುಗಳ ನಡುವೆ ಕತ್ತಿಯ ಅಲಗಿನಂಥ ಅಂಚುಳ್ಳ ಅಕ್ಷರಗಳೂ ಇರುತ್ತವೆ. ಕ್ಯಾಮೆರಾ ಚಿತ್ರಕ್ಕಾಗಿ ರೂಪುಗೊಂಡ ಸಂಕೋಚನ ಕ್ರಮಗಳು ನಾಲ್ಕು ಬಿಂದುಗಳಿಗೆ ಒಂದೇ ಬಣ್ಣದ ಅಳತೆಯನ್ನು ಉಳಿಸುವುದರಿಂದ ನೀಲಿಯ ಮೇಲಿನ ಕೆಂಪು ಅಕ್ಷರ ಕಲಸಿಹೋಗುತ್ತದೆ. ಅಕ್ಷರದ ಸುತ್ತ ಧೂಳಿನಂಥ ಕಲೆಗಳು ಏಳುತ್ತವೆ. ಪರದೆಗೆ ತಕ್ಕದ್ದು, ಒಂದೇ ಬಣ್ಣದ ಬಿಂದುಗಳ ಸಾಲನ್ನು ಎಣಿಸಿ ಬರೆದಿಡುವ ನಷ್ಟರಹಿತ ಕ್ರಮ. 1991ರ ಕ್ವಿಕ್‌ಟೈಮ್‌ನ ಅನಿಮೇಶನ್ ಕೋಡೆಕ್ ಈ ಜಾತಿಯದು. ಮಿಶಿಗನ್‌ನ ಟೆಕ್‌ಸ್ಮಿತ್ ಸಂಸ್ಥೆ ಹೊರತಂದ ಕ್ಯಾಮ್‌ಟೇಸಿಯಾ ಕೂಡ ತನ್ನದೇ ಆದ ನಷ್ಟರಹಿತ ಕೋಡೆಕ್ ಬಳಸಿತು. ಮುದ್ರಣದ ಜೊತೆಗೆ ಕಾಲರೇಖೆಯ ಮೇಲಿನ ಸಂಕಲನವನ್ನು ಒಂದೇ ತಂತ್ರಾಂಶದಲ್ಲಿ ಒದಗಿಸಿದ್ದು ಅದರ ಯಶಸ್ಸಿನ ಕಾರಣ. ಮುಂದಿನ ಆವೃತ್ತಿಗಳಲ್ಲಿ ಸೂಚಕ ಬಾಣದ ಚಲನೆಯನ್ನು ಚಿತ್ರದಿಂದ ಬೇರ್ಪಡಿಸಿ ಪ್ರತ್ಯೇಕ ಮಾಹಿತಿಯಾಗಿ ಉಳಿಸುವ ಪದ್ಧತಿ ಬಂತು. ಸಂಕಲನಕಾರ ಬಾಣವನ್ನು ಹಿಗ್ಗಿಸಬಹುದು, ಮರೆಮಾಡಬಹುದು. ಸೋತಿದ್ದ ಕ್ರಿಯಾಮುದ್ರಣ ಹೀಗೆ ಬಿಂದುಮುದ್ರಣದ ಮಡಿಲಲ್ಲಿ ಸ್ವಲ್ಪಮಟ್ಟಿಗೆ ಮರುಹುಟ್ಟು ಪಡೆಯಿತು.

ಈ ಪ್ರಕಾರಕ್ಕೆ ಹೆಸರು ದೊರೆತದ್ದು 2004ರಲ್ಲಿ. ಅಮೆರಿಕದ ಅಂಕಣಕಾರ ಜಾನ್ ಉಡೆಲ್ ಸೂಕ್ತ ಪದವನ್ನು ಸೂಚಿಸುವಂತೆ ಓದುಗರನ್ನು ಕೇಳಿ, ಬಂದವುಗಳಲ್ಲಿ ‘ಸ್ಕ್ರೀನ್‌ಕಾಸ್ಟ್’ ಎಂಬುದನ್ನು ಆರಿಸಿದರು. 2005ರ ಜನವರಿಯಲ್ಲಿ ಅವರು ಸಿದ್ಧಪಡಿಸಿದ ಕಿರುಚಿತ್ರವೊಂದು ಇಂಗ್ಲಿಷ್ ವಿಕಿಪೀಡಿಯದ ಒಂದು ಲೇಖನ ಆವೃತ್ತಿಯಿಂದ ಆವೃತ್ತಿಗೆ ಬೆಳೆದ ಬಗೆಯನ್ನು ಪರದೆಯ ಮೇಲೆಯೇ ತೋರಿಸಿ ವಿವರಿಸಿತು. ತಂತ್ರಾಂಶವನ್ನು ಕಲಿಸುವುದಕ್ಕಷ್ಟೇ ಸೀಮಿತವಾಗಿದ್ದ ಪರದೆಯ ಮುದ್ರಣ ಒಂದು ಪಠ್ಯದ ಚರಿತ್ರೆಯನ್ನು ನಿರೂಪಿಸುವ ಸಾಧನವೂ ಆಗಬಲ್ಲದೆಂದು ಅದು ತೋರಿಸಿಕೊಟ್ಟಿತು. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಓದಿ ಅಭ್ಯಾಸವಿರುವವರಿಗೆ ಅದರ ಬೆಲೆ ತಕ್ಷಣ ಅರಿವಾಗುತ್ತದೆ.

ಭಾರತದಲ್ಲಿ ಈ ತಂತ್ರದ ಅತ್ಯಂತ ವ್ಯವಸ್ಥಿತ ಬಳಕೆ ಮುಂಬಯಿಯ ಐ.ಐ.ಟಿ.ಯಲ್ಲಿ ಪ್ರೊ. ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ನಡೆಯಿತು. ಕೇಂದ್ರ ಸರ್ಕಾರದ, ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಮೂಲಕ ಶಿಕ್ಷಣ ನೀಡುವ ರಾಷ್ಟ್ರೀಯ ಅಭಿಯಾನದ ನೆರವು ಪಡೆದ ಈ ಯೋಜನೆ, ಮುಕ್ತ ತಂತ್ರಾಂಶಗಳ ಬಗೆಗೆ ಸುಮಾರು ಹತ್ತು ನಿಮಿಷಗಳ ಪಾಠಗಳನ್ನು ಪರದೆಯ ಮುದ್ರಣದ ರೂಪದಲ್ಲಿ ತಯಾರಿಸಿತು. ಇಲ್ಲಿ ಲಿಪಿಬದ್ಧ ಪಠ್ಯ ಮೊದಲು, ಮುದ್ರಣ ಆನಂತರ. ಪಠ್ಯವನ್ನು ಎರಡು ಅಂಕಣಗಳಲ್ಲಿ ಬರೆಯಲಾಗುತ್ತದೆ: ಒಂದರಲ್ಲಿ ಪರದೆಯ ಮೇಲೆ ಕಾಣಬೇಕಾದದ್ದು, ಇನ್ನೊಂದರಲ್ಲಿ ನುಡಿಯಬೇಕಾದದ್ದು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅನುವಾದವಾಗುವಾಗ ಪರದೆಯ ಚಿತ್ರ ಮೂಲದ್ದೇ ಉಳಿದು ಧ್ವನಿ ಮಾತ್ರ ಬದಲಾಗುತ್ತದೆ. ಅನುವಾದದ ಪಠ್ಯದಲ್ಲಿ ಮೊದಲ ಅಂಕಣದ ಸ್ಥಾನವನ್ನು ನಿಮಿಷ-ಸೆಕೆಂಡುಗಳು ಆಕ್ರಮಿಸುತ್ತವೆ. ಕಲಿಯುವವನು ಪರದೆಯ ಒಂದು ಪಾರ್ಶ್ವದಲ್ಲಿ ಪಾಠವನ್ನೂ ಇನ್ನೊಂದು ಪಾರ್ಶ್ವದಲ್ಲಿ ತಂತ್ರಾಂಶವನ್ನೂ ಇಟ್ಟುಕೊಂಡು ಅನುಸರಿಸಬೇಕೆಂಬುದು ಕಲಿಕೆಯ ಕ್ರಮ.

ಅನುವಾದದ ದೃಷ್ಟಿಯಿಂದ ಇದು ಕುತೂಹಲಕರ ಸನ್ನಿವೇಶ. ಅನುವಾದಕನ ವಾಕ್ಯಕ್ಕೆ ಅರ್ಥದ ಜೊತೆಗೆ ಅವಧಿಯ ಕಟ್ಟೂ ಇದೆ. ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದ ಮೊದಲು ಬರುವುದರಿಂದ ‘ಕ್ಲಿಕ್’ ಎಂಬ ಮಾತೂ ಬಾಣದ ಚಲನೆಯೂ ಒಟ್ಟಿಗೆ ಆರಂಭವಾಗುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘ಮಾಡಿ’ ಎನ್ನುವಷ್ಟರಲ್ಲಿ ಪರದೆ ಮುಂದಿನ ಹಂತಕ್ಕೆ ಹೋಗಿರಬಹುದು. ಪರದೆಯ ಮೇಲಿನ ಪಟ್ಟಿಗಳ ಹೆಸರು ಇಂಗ್ಲಿಷಿನಲ್ಲೇ ಇರುವುದರಿಂದ ಅವನ್ನು ಕನ್ನಡಿಸಿದರೆ ಕೇಳುಗನಿಗೆ ಗೊಂದಲ, ಕನ್ನಡಿಸದಿದ್ದರೆ ವಾಕ್ಯದ ನಾಮಪದಗಳೆಲ್ಲ ಇಂಗ್ಲಿಷ್. ಪಾರಿಭಾಷಿಕ ಪದಕೋಶಗಳು ಬಗೆಹರಿಸಲಾಗದ ಪ್ರಶ್ನೆಯನ್ನು ಕೇವಲ ಸೆಕೆಂಡುಗಳ ಗಣನೆ ಬಗೆಹರಿಸಿತೆಂದರೆ ಅತಿಶಯೋಕ್ತಿಯಾಗದು.

ಕನ್ನಡ ಲಿಪಿಯೇ ಪರದೆಯ ಮೇಲಿದ್ದಾಗ ಕಷ್ಟ ಇನ್ನೊಂದು ಬಗೆಯದು. ದ-ಧ, ಪ-ಫ, ಡ-ಢಗಳ ಭೇದ ಅಕ್ಷರದ ಬುಡದ ಒಂದು ಸೀಳಿನಲ್ಲಿದೆ. 2005ರಲ್ಲಿ ಆರಂಭವಾದ ಯೂಟ್ಯೂಬ್ ಆಗ ತೋರಿಸುತ್ತಿದ್ದ ಚಿತ್ರದ ಗಾತ್ರ 320×240 ಬಿಂದುಗಳು. 1024×768ರ ಪರದೆಯನ್ನು ಆ ಗಾತ್ರಕ್ಕೆ ಇಳಿಸಿದಾಗ ಹತ್ತು ಬಿಂದುಗಳು ಒಂದಾಗುತ್ತವೆ. ಒಂದೆರಡು ಬಿಂದುಗಳ ಸೀಳು ಉಳಿಯುವ ಮಾತೇ ಇಲ್ಲ. ಒತ್ತಕ್ಷರಗಳು ಕೆಳಗಿನ ಸಾಲಿನೊಂದಿಗೆ ಬೆರೆತು ಮಸಿಯ ಚುಕ್ಕೆಗಳಾಗುತ್ತವೆ. ಚಿತ್ರದ ಒಂದು ಭಾಗವನ್ನು ಹಿಗ್ಗಿಸಿ ತೋರಿಸುವ ಸಂಕಲನ ಕ್ರಮ ರೋಮನ್ ಲಿಪಿಗೆ ಅನುಕೂಲವಾಗಿದ್ದರೆ ಕನ್ನಡಕ್ಕೆ ಅನಿವಾರ್ಯವಾಗಿತ್ತು.

2009ರ ನಂತರ ಮುದ್ರಣದ ಸೌಲಭ್ಯ ಕಾರ್ಯಾಚರಣ ವ್ಯವಸ್ಥೆಯ ಒಳಕ್ಕೇ ಸೇರತೊಡಗಿತು. ಆ ವರ್ಷ ಮ್ಯಾಕ್‌ನಲ್ಲಿ, 2015ರಲ್ಲಿ ವಿಂಡೋಸ್ 10ರಲ್ಲಿ, 2017ರಲ್ಲಿ ಐಫೋನ್‌ನಲ್ಲಿ, 2020ರಲ್ಲಿ ಆಂಡ್ರಾಯ್ಡ್ 11ರಲ್ಲಿ ಅದು ಬಂತು. 2012ರಲ್ಲಿ ಹ್ಯೂ ಬೈಲಿ ಆರಂಭಿಸಿದ ಓಬಿಎಸ್ ಎಂಬ ಮುಕ್ತ ತಂತ್ರಾಂಶ ವೃತ್ತಿಪರರನ್ನೂ ಹವ್ಯಾಸಿಗಳನ್ನೂ ಸಮಾನವಾಗಿ ತಲುಪಿತು. ಆದರೆ ಕಿನೆಸ್ಕೋಪಿನ ಹಳೆಯ ಕಷ್ಟ ತಪ್ಪಲಿಲ್ಲ. ಅನೇಕ ಮುದ್ರಣ ತಂತ್ರಾಂಶಗಳು, ವಿಶೇಷವಾಗಿ ದೂರವಾಣಿಗಳಲ್ಲಿನವು, ಪರದೆ ಬದಲಾದಾಗ ಮಾತ್ರ ಹೊಸ ಚೌಕಟ್ಟನ್ನು ಬರೆಯುತ್ತವೆ. ಚೌಕಟ್ಟುಗಳ ನಡುವಣ ಅಂತರ ಸಮನಾಗಿರುವುದಿಲ್ಲ. ಸಂಕಲನ ತಂತ್ರಾಂಶಗಳು ಸಮಗತಿಯನ್ನು ನಿರೀಕ್ಷಿಸುತ್ತವೆ. ಪರಿಣಾಮವಾಗಿ ಮಾತು ಮತ್ತು ಚಿತ್ರ ನಿಧಾನವಾಗಿ ದೂರ ಸರಿಯುತ್ತಾ ಹೋಗುತ್ತವೆ. ಆರಂಭದಲ್ಲಿ ಗಮನಕ್ಕೆ ಬಾರದ ಅಂತರ ಗಂಟೆಯ ಉಪನ್ಯಾಸದ ಕೊನೆಯಲ್ಲಿ ಅಸಹನೀಯವಾಗುತ್ತದೆ. ಸಂಕಲನಕ್ಕೆ ಮೊದಲು ಕಡತವನ್ನು ಸಮಗತಿಗೆ ಪರಿವರ್ತಿಸುವುದೇ ಇದಕ್ಕಿರುವ ಪರಿಹಾರ. ಸಾಮಾನ್ಯ ಎಂಪಿ4 ಕಡತದ ಅನುಕ್ರಮಣಿಕೆ ಕೊನೆಯಲ್ಲಿ ಬರೆಯಲ್ಪಡುವುದರಿಂದ, ನಡುವೆ ವಿದ್ಯುತ್ ನಿಂತರೆ ಇಡೀ ಮುದ್ರಣ ತೆರೆದುಕೊಳ್ಳದೆ ಹೋಗುವ ಅಪಾಯವೂ ಇದೆ. ಓಬಿಎಸ್ ಬಳಕೆದಾರರು ಎಂಕೆವಿ ರೂಪದಲ್ಲಿ ಮುದ್ರಿಸಿ ಬಳಿಕ ಪರಿವರ್ತಿಸುವ ಪದ್ಧತಿಗೆ ಇದೇ ಕಾರಣ.

ಕಥಾಚಿತ್ರಗಳು ಪರದೆಯನ್ನು ರಂಗಸ್ಥಳವಾಗಿಸಿಕೊಂಡಾಗ ಮಾತ್ರ ಒಂದು ವಿರೋಧಾಭಾಸ ಎದುರಾಯಿತು. ಅನೀಶ್ ಚಾಗಂಟಿ ನಿರ್ದೇಶನದ ‘ಸರ್ಚಿಂಗ್’ 2018ರಲ್ಲಿ ಬಂದಾಗ ಅದು ಸಂಪೂರ್ಣವಾಗಿ ಗಣಕ ಪರದೆಯ ಮೇಲೆ ನಡೆಯುವ ಚಿತ್ರವೆಂದು ಹೆಸರಾಯಿತು. ಅದರ ಸಂಕಲನಕಾರರು ಪರದೆಯನ್ನು ಮುದ್ರಿಸಿ ಬಳಸಲಿಲ್ಲ. ಮುದ್ರಿತ ಚಿತ್ರವನ್ನು ಹಿಗ್ಗಿಸಿದರೆ ಒಡೆಯುತ್ತದೆಂಬ ಕಾರಣದಿಂದ ಪ್ರತಿ ಕಿಟಕಿ, ಗುಂಡಿ, ಬಾಣಗಳನ್ನು ಪ್ರತ್ಯೇಕವಾಗಿ ಮರುರಚಿಸಿ ಚಲನೆ ನೀಡಿದರು. ಚಿತ್ರೀಕರಣ 13 ದಿನಗಳಲ್ಲಿ ಮುಗಿದರೆ ಸಂಕಲನ ಸುಮಾರು ಎರಡು ವರ್ಷ ಹಿಡಿಯಿತು. 2020ರ ಸೆಪ್ಟೆಂಬರ್‌ನಲ್ಲಿ ತೆರೆಕಂಡ ಮಲಯಾಳಂನ ‘ಸಿ ಯು ಸೂನ್’ ಕೂಡ ಇದೇ ಪರಂಪರೆಯದು. ನಿರ್ದೇಶಕ ಮಹೇಶ್ ನಾರಾಯಣನ್ ಸ್ವತಃ ಸಂಕಲನಕಾರರು. ಇಂತಹ ಚಿತ್ರಗಳಲ್ಲಿ ಕಾಣುವ ಪರದೆ ನೈಜ ಪರದೆಗಿಂತ ಹೆಚ್ಚು ಸ್ಪಷ್ಟ, ಹೆಚ್ಚು ವೇಗ, ಹೆಚ್ಚು ಆಜ್ಞಾಧಾರಕ. ಮುಂದೊಂದು ದಿನ ಇವನ್ನು ಆಕರವಾಗಿ ಬಳಸುವ ಸಂಶೋಧಕನಿಗೆ ಇದು ನೆನಪಿನಲ್ಲಿರಬೇಕಾದೀತು. ಸಾಮಾನ್ಯ ಪಾಠಗಳ ಮುದ್ರಣದಲ್ಲೂ ತಂತ್ರಾಂಶ ತೆರೆದುಕೊಳ್ಳುವ ಕಾಯುವಿಕೆ, ತಪ್ಪಾಗಿ ಒತ್ತಿದ ಕೀಲಿ, ಹುಡುಕಾಟದ ಅಲೆದಾಟಗಳನ್ನೇ ಸಂಕಲನಕಾರ ಮೊದಲು ಕತ್ತರಿಸುತ್ತಾನೆ. ಬಳಕೆಯ ಚರಿತ್ರೆಗೆ ಬೇಕಾದದ್ದು ಬಹುಪಾಲು ಆ ಕತ್ತರಿಸಿ ಎಸೆದ ಭಾಗದಲ್ಲಿರುತ್ತದೆ.

ಉಳಿದದ್ದೂ ಸುರಕ್ಷಿತವಲ್ಲ. 2000ರ ದಶಕದ ಅಸಂಖ್ಯ ಪರದೆ-ಪಾಠಗಳು ಫ್ಲ್ಯಾಶ್ ರೂಪದಲ್ಲಿ ಪ್ರಕಟವಾದವು. ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ನ ಬೆಂಬಲವನ್ನು ನಿಲ್ಲಿಸಿತು. 2021ರ ಜನವರಿ 12ರಿಂದ ಅದರ ಪ್ಲೇಯರ್ ಇಂತಹ ಕಡತಗಳನ್ನು ನಡೆಸಲು ನಿರಾಕರಿಸಿತು. ಟೆಕ್‌ಸ್ಮಿತ್‌ನ ಹಳೆಯ ಕೋಡೆಕ್‌ನಲ್ಲಿರುವ ಕಡತಗಳು ತೆರೆದುಕೊಳ್ಳುವುದು ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶದ ಕರ್ತೃಗಳು ಅದನ್ನು ಓದುವ ಕ್ರಮವನ್ನು ಸೇರಿಸಿದ್ದರಿಂದ. 1968ರ ಫಿಲ್ಮಿನ ಸುರುಳಿಗೆ ದೀಪವೂ ಮಸೂರವೂ ಇದ್ದರೆ ಸಾಕು.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆ ದೂರದ್ದಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಮತ್ತು ‘ಸೇಡಿಯಾಪು’ ತಂತ್ರಾಂಶ, 1998ರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳ ಮೂಲಕ ಕನ್ನಡದ ಮುದ್ರಣ ಸೀಸದ ಅಚ್ಚಿನಿಂದ ಗಣಕಕ್ಕೆ ದಾಟಿತು. ಯೂನಿಕೋಡ್ ಪೂರ್ವದ ಅಕ್ಷರಶೈಲಿಗಳಲ್ಲಿ ಒತ್ತಕ್ಷರವನ್ನು ಯಾವ ಕೀಲಿಗಳ ಅನುಕ್ರಮದಿಂದ ಕೂಡಿಸುತ್ತಿದ್ದರು, ಅರ್ಕಾವತ್ತು ಯಾವಾಗ ತನ್ನ ಸ್ಥಾನಕ್ಕೆ ಸರಿಯುತ್ತಿತ್ತು, ಅಕ್ಷರಜೋಡಣೆ ಮಾಡುವವರ ಕೈ ಎಲ್ಲಿ ನಿಂತು ತಿದ್ದುತ್ತಿತ್ತು ಎಂಬುದು ಅಚ್ಚಾದ ಪುಟದಿಂದ ತಿಳಿಯುವುದಿಲ್ಲ. ಆ ಕಾಲದ ಯಂತ್ರಗಳು ಇನ್ನೂ ಕೆಲವೆಡೆ ನಡೆಯುತ್ತಿರಬಹುದು; ಅವುಗಳ ಮುಂದೆ ಕುಳಿತು ಕೆಲಸ ಮಾಡಿದವರು ನಮ್ಮ ನಡುವೆ ಇದ್ದಾರೆ. ಅವರನ್ನು ಮತ್ತೊಮ್ಮೆ ಆ ಕೀಲಿಮಣೆಯ ಮುಂದೆ ಕೂರಿಸಿ, ಕೈ ಮತ್ತು ಪರದೆ ಎರಡನ್ನೂ ಒಟ್ಟಿಗೆ ಮುದ್ರಿಸಿ, ಕತ್ತರಿಸದ ಮೂಲಪ್ರತಿಯನ್ನು ಸಂಕಲಿತ ಪ್ರತಿಯ ಜೊತೆಗೇ ಗ್ರಂಥಾಲಯದಲ್ಲಿ ಇರಿಸುವ ಕೆಲಸಕ್ಕೆ ಒಂದು ಸಾಮಾನ್ಯ ಕ್ಯಾಮೆರಾ, ಒಂದು ಮುದ್ರಣ ತಂತ್ರಾಂಶ ಮತ್ತು ಕೆಲವು ದಿನಗಳ ಸಮಯ ಸಾಕು.